ಮೊಣಕಾಲುದ್ದ ನೀರಿಗೆ ಕ್ಯಾಮೆರಾ ಇಳಿಸುವ ಮುನ್ನ

ಕ್ಯಾಮೆರಾವನ್ನು ನೀರಿಗಿಳಿಸಲು ತೊಡಿಸುವ ನನ್ನ ಪೆಟ್ಟಿಗೆಯ, ಅಂದರೆ ಹೌಸಿಂಗಿನ ಮೇಲೆ 40 ಮೀಟರ್ ಆಳ ಎಂದು ಅಚ್ಚು ಹಾಕಿದೆ. ಅದು ಸೋರಿದ್ದು ಮೂಡಿಗೆರೆ ಕಡೆಯ ಒಂದು ಹಳ್ಳದಲ್ಲಿ, ನೀರು ಮೊಣಕಾಲಿಗೂ ಬಂದಿರಲಿಲ್ಲ. ಮನೆಗೆ ತಂದು ಬಿಚ್ಚಿ ನೋಡಿದರೆ ಓ-ರಿಂಗಿಗೆ, ಅಂದರೆ ಮುಚ್ಚಳದ ಅಂಚಿನಲ್ಲಿ ನೀರು ತಡೆಯುವ ರಬ್ಬರ್ ಬಳೆಗೆ, ಅಡ್ಡಲಾಗಿ ಬೆಕ್ಕಿನ ಕೂದಲೊಂದು ಮಲಗಿತ್ತು. ಬಿಳಿ ಕೂದಲು, ಅರ್ಧ ಇಂಚೂ ಇಲ್ಲ. ಬೆಕ್ಕಿಗೆ ಬೈದು ಏನು ಬಂತು, ಅದು ಮಲಗುವ ಸೋಫಾದ ಮೇಲೆಯೇ ಕೂತು ಹೌಸಿಂಗ್ ಮುಚ್ಚಿದವನು ನಾನು.

ಆಳಕ್ಕೆ ಹೋದರೆ ಸೋರುತ್ತದೆ, ಮೇಲೆ ಇದ್ದರೆ ಭಯವಿಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಓ-ರಿಂಗ್ ವಿಷಯದಲ್ಲಿ ಇದು ಉಲ್ಟಾ. ಅದು ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ, ಒತ್ತಡ ಬಿದ್ದಷ್ಟೂ ಬಿಗಿ. 10 ಮೀಟರ್ ಇಳಿದರೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚಿ, ನೀರೇ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ಒಂದಡಿ ನೀರಿನಲ್ಲಿ ಆ ಸಹಾಯ ಸಿಗುವುದಿಲ್ಲ, ಕ್ಲಿಪ್ಪು ಎಷ್ಟು ಒತ್ತಿದೆಯೋ ಅಷ್ಟೇ. ನಾವು ಮಲೆನಾಡಿನವರು ಇಳಿಯುವುದೆಲ್ಲ ಒಂದಡಿ, ಎರಡಡಿ ನೀರಿಗೆ. ಹಾಗಾಗಿ ನಮ್ಮ ಕೆಲಸದ ಮುಕ್ಕಾಲು ಪಾಲು ಮುಗಿಯಬೇಕಾದದ್ದು ಮನೆಯ ಮೇಜಿನ ಮೇಲೆ.

ಯಾವ ಪೆಟ್ಟಿಗೆ

ಹೌಸಿಂಗ್ ಅಂದರೆ ನಿಮ್ಮ ಕ್ಯಾಮೆರಾದ ಮಾಡೆಲ್‌ಗೇ ಅಳತೆ ಹಿಡಿದು ಮಾಡಿದ, ಸಾಮಾನ್ಯವಾಗಿ ಪಾಲಿಕಾರ್ಬೊನೇಟಿನ, ಪಾರದರ್ಶಕ ಪೆಟ್ಟಿಗೆ. ಕ್ಯಾನನ್ ಜಿ7ಎಕ್ಸ್ ಮಾರ್ಕ್ 2ಕ್ಕೆ ಒಂದು, ಸೋನಿ ಆರ್‌ಎಕ್ಸ್100 ಸಾಲಿಗೆ ಇನ್ನೊಂದು. ಕಂಪನಿಯವರೇ ಮಾಡಿದ ಇವೆರಡೂ 40 ಮೀಟರ್ ತಡೆಯುತ್ತವೆ. ಒಲಿಂಪಸ್ ಟಿಜಿ-6 ಥರದ ಕ್ಯಾಮೆರಾ ಹೌಸಿಂಗ್ ಇಲ್ಲದೆಯೇ 15 ಮೀಟರ್ ತಡೆಯುತ್ತದೆ. ಹೊಸದಾಗಿ ಕೊಳ್ಳುವವರು, ಅದೂ ಹಳ್ಳಕ್ಕೆ ಮಾತ್ರ ಬೇಕು ಅನ್ನುವವರು, ಅಂಥದ್ದನ್ನೇ ಕೊಂಡು ಈ ಲೇಖನದ ಅರ್ಧ ಭಾಗ ಬಿಟ್ಟು ಓದಬಹುದು. ಮನೆಯಲ್ಲಿ ಒಳ್ಳೆಯ ಕಾಂಪ್ಯಾಕ್ಟ್ (ಲೆನ್ಸ್ ಕಳಚಲಾಗದ ಪುಟ್ಟ ಕ್ಯಾಮೆರಾ) ಆಗಲೇ ಇದೆ ಅನ್ನುವವರಿಗೆ ಹೌಸಿಂಗ್.

ಪ್ಲಾಸ್ಟಿಕ್ ಚೀಲದ ಥರದ ಕವರುಗಳ ಸಹವಾಸ ಬೇಡ. ಕಾಂಪ್ಯಾಕ್ಟಿನ ಲೆನ್ಸ್ ಆನ್ ಮಾಡಿದ ಕೂಡಲೇ ಮುಂದೆ ಬರುತ್ತದೆ. ಚೀಲ ಅದನ್ನು ಅದುಮಿ ಹಿಡಿದರೆ ಒಳಗಿನ ಗೇರು ಹೋಯಿತು.

ಕೊಳ್ಳುವಾಗ ಒಂದನ್ನು ನೋಡಿಕೊಳ್ಳಿ: ನೀವು ದಿನವೂ ಒತ್ತುವ ಬಟನ್ನುಗಳಿಗೆಲ್ಲ ಹೌಸಿಂಗಿನಲ್ಲಿ ಬಟನ್ ಇದೆಯೇ? ಟಚ್ ಸ್ಕ್ರೀನ್ ಒಳಗೆ ಕೂತ ಮೇಲೆ ಕೆಲಸಕ್ಕೆ ಬರುವುದಿಲ್ಲ. ಬೆರಳಿನಿಂದ ಮುಟ್ಟಿ ಫೋಕಸ್ ಮಾಡುವ ಅಭ್ಯಾಸವಿದ್ದವರು ಬಟನ್ನಿನಲ್ಲಿ ಅದೇ ಕೆಲಸ ಮಾಡುವುದನ್ನು ಮೊದಲು ಮನೆಯಲ್ಲಿ ಕಲಿಯಬೇಕು.

ಓ-ರಿಂಗ್, ನಿಧಾನವಾಗಿ

ಇಲ್ಲಿ ಅವಸರ ಮಾಡಬೇಡಿ. ಫ್ಯಾನ್ ಆಫ್ ಮಾಡಿ. ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಟವೆಲ್ ಹಾಸಬೇಡಿ, ಅದರ ನೂಲೇ ಶತ್ರು. ಹಳೆಯ ಕ್ಯಾಲೆಂಡರಿನ ನುಣುಪು ಹಾಳೆ ಮಗುಚಿ ಹಾಸಿದರೆ ಸಾಕು, ಬಿಳಿ ಹಿನ್ನೆಲೆಯಲ್ಲಿ ಕೂದಲು ಬಿದ್ದರೂ ಕಾಣುತ್ತದೆ (ನಮ್ಮ ಬೆಕ್ಕಿನ ಕೂದಲು ಬಿಟ್ಟು).

ಓ-ರಿಂಗನ್ನು ಅದು ಕೂರುವ ತೋಡಿನಿಂದ ಎಬ್ಬಿಸಲು ಸೂಜಿ, ಪಿನ್ನು, ಚಾಕು ಯಾವುದೂ ಬೇಡ. ಎರಡು ಬೆರಳಿನಲ್ಲಿ ಎರಡು ಕಡೆಯಿಂದ ಒಳಕ್ಕೆ ತಳ್ಳಿದರೆ ನಡುವೆ ಕಮಾನಿನಂತೆ ಎದ್ದು ನಿಲ್ಲುತ್ತದೆ, ಆಗ ಹಿಡಿದು ತೆಗೆಯಿರಿ. ಕಣ್ಣಿಗಿಂತ ಬೆರಳು ಚುರುಕು. ಕಣ್ಣು ಮುಚ್ಚಿಕೊಂಡು ಹೆಬ್ಬೆರಳು, ತೋರುಬೆರಳಿನ ನಡುವೆ ರಿಂಗನ್ನು ಒಂದು ಸುತ್ತು ಮೆಲ್ಲಗೆ ಸಾಗಿಸಿ. ಮರಳಿನ ಕಣ, ಬಿರುಕು, ಚಪ್ಪಟೆಯಾದ ಜಾಗ ಎಲ್ಲ ಬೆರಳಿಗೆ ತಾಕುತ್ತವೆ. ಎಳೆಯಬೇಡಿ, ಎಳೆದರೆ ಉದ್ದವಾಗಿ ಮತ್ತೆ ತೋಡಿನಲ್ಲಿ ಕೂರುವುದಿಲ್ಲ.

ಆಮೇಲೆ ಗ್ರೀಸ್. ಹೌಸಿಂಗಿನ ಜೊತೆ ಕೊಟ್ಟ ಪುಟ್ಟ ಟ್ಯೂಬಿನದ್ದೇ ಆಗಬೇಕು. ರಿಂಗು ಯಾವ ರಬ್ಬರಿನದೋ ಅದಕ್ಕೆ ಹೊಂದುವ ಗ್ರೀಸನ್ನು ಕಂಪನಿ ಕೊಟ್ಟಿರುತ್ತದೆ. ಹೊಂದದ ಗ್ರೀಸು ರಿಂಗನ್ನು ಊದಿಸಿಬಿಡಬಹುದು. ವ್ಯಾಸಲೀನ್ ಬೇಡ, ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಅಕ್ಕಿಕಾಳಿನಷ್ಟು ಗ್ರೀಸು ಇಡೀ ಸುತ್ತಿಗೆ ಸಾಕು. ನೀರು ತಡೆಯುವುದು ರಬ್ಬರು, ಗ್ರೀಸಿನ ಕೆಲಸ ಅದನ್ನು ಜಾರುವಂತೆ ಇಡುವುದು ಮಾತ್ರ. ಹೆಚ್ಚು ಬಳಿದರೆ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ತೋಡನ್ನೂ, ಎದುರಿನ ಮುಚ್ಚಳದ ಅಂಚನ್ನೂ ನೂಲು ಬಿಡದ, ಕನ್ನಡಕ ಒರೆಸುವ ಥರದ ಬಟ್ಟೆಯಲ್ಲಿ ಒರೆಸಿ ರಿಂಗು ಕೂರಿಸಿ. ಎಲ್ಲೂ ತಿರುಚಿರಬಾರದು.

ಹಂಡೆ ಪರೀಕ್ಷೆ

ಕ್ಯಾಮೆರಾ ಇಡದೆ, ಒಳಗೆ ಒಂದು ಟಿಶ್ಯೂ ಪೇಪರ್ ಮಡಿಸಿಟ್ಟು ಹೌಸಿಂಗ್ ಮುಚ್ಚಿ. ಬಚ್ಚಲ ಹಂಡೆಯಲ್ಲಿ ತಣ್ಣೀರು ತುಂಬಿ ಮುಳುಗಿಸಿ. ಖಾಲಿ ಹೌಸಿಂಗ್ ತೇಲುತ್ತದೆ, ಮೇಲೆ ಒಂದು ಕಲ್ಲು ಹೇರಬೇಕು. ಗೀಚಾಗದಂತೆ ಕಲ್ಲಿಗೆ ಬಟ್ಟೆ ಸುತ್ತಿ. ನೀರೊಳಗೇ ಪ್ರತಿ ಬಟನ್ನನ್ನೂ ಹತ್ತು ಸಲ ಒತ್ತಿ, ಏಕೆಂದರೆ ಬಟನ್ನಿನ ಕಡ್ಡಿಗಳಿಗೂ ಒಳಗೆ ಪುಟ್ಟ ಓ-ರಿಂಗುಗಳಿರುತ್ತವೆ. ಅರ್ಧ ಗಂಟೆ ಬಿಡಿ. ಗುಳ್ಳೆ ಸಾಲಾಗಿ ಒಂದೇ ಜಾಗದಿಂದ ಬರುತ್ತಿದ್ದರೆ ಅಲ್ಲಿಯೇ ತೊಂದರೆ. ತೆಗೆದು ಹೊರಗಡೆ ಪೂರ್ತಿ ಒರೆಸಿ ಆಮೇಲೆ ತೆರೆಯಿರಿ, ಇಲ್ಲದಿದ್ದರೆ ಅಂಚಿನ ಹನಿ ಒಳಗೆ ಬಿದ್ದು ಸುಮ್ಮನೆ ಗಾಬರಿ. ಟಿಶ್ಯೂ ಗರಿಗರಿ ಇದ್ದರೆ ಪಾಸು.

ಪ್ರತಿ ಸೀಸನ್ನಿನ ಮೊದಲ ಸಲ, ಮತ್ತು ರಿಂಗು ಬದಲಿಸಿದಾಗಲೆಲ್ಲ ಇದನ್ನು ಮಾಡುತ್ತೇನೆ. ನಮ್ಮಮ್ಮನಿಗೆ ಇದು ಬಹಳ ದಿನ ಅರ್ಥವಾಗಿರಲಿಲ್ಲ. "ಅಲ್ವೋ, ಹಳ್ಳದಿಂದ ಮೀನು ಹಿಡ್ಕಂಡ್ ಬಾ ಅಂದ್ರೆ ಫೋಟೋ ಹಿಡ್ಕಂಡ್ ಬರ್ತೀಯ, ಈಗ ಹಂಡೇಲೂ ಶುರು ಮಾಡ್ದ್ಯಾ?"

ಮಂಜು ಕಟ್ಟುವುದು

ಸೋರುವುದು ಅಪರೂಪ, ಗಾಜಿಗೆ ಒಳಗಿನಿಂದ ಮಂಜು ಕಟ್ಟುವುದು ನಮ್ಮ ಕಡೆ ದಿನದ ಗೋಳು. ಕಾರಣ ಸರಳ. ಮಲೆನಾಡಿನ ಗಾಳಿಯಲ್ಲಿ ನೀರಿನ ಅಂಶ ಜಾಸ್ತಿ. ಆ ಗಾಳಿಯನ್ನೇ ಒಳಗಿಟ್ಟು ಮುಚ್ಚುತ್ತೀರಿ. ಒಳಗೆ ಕ್ಯಾಮೆರಾ ಬಿಸಿಯಾಗುತ್ತದೆ, ಹೊರಗೆ ಹಳ್ಳದ ನೀರು ಕೊರೆಯುತ್ತಿರುತ್ತದೆ. ಬಿಸಿ ಗಾಳಿಯ ತೇವ ತಣ್ಣನೆ ಗಾಜಿನ ಮೇಲೆ ಹನಿಯಾಗುತ್ತದೆ, ಚಳಿಗಾಲದ ಬೆಳಿಗ್ಗೆ ಬಸ್ಸಿನ ಕಿಟಕಿಗೆ ಆದಂತೆ.

ಮುಚ್ಚುವ ಜಾಗ ಒಣದಾಗಿರಬೇಕು. ಮನೆಯಲ್ಲಿ ಎಸಿ ಇಲ್ಲದವರಿಗೆ ನನ್ನ ಉಪಾಯ ಕಾರು. ಕಿಟಕಿ ಏರಿಸಿ ಹತ್ತು ನಿಮಿಷ ಎಸಿ ಓಡಿಸಿದರೆ ಒಳಗಿನ ತೇವ ನೀರಾಗಿ ಕಾರಿನ ಕೆಳಗೆ ಸುರಿದುಹೋಗುತ್ತದೆ. ಹೌಸಿಂಗ್ ತೆರೆದಿಟ್ಟುಕೊಂಡು ಕಾಯಿರಿ, ಆಮೇಲೆ ಬ್ಲೋವರ್ ನಿಲ್ಲಿಸಿ ಧೂಳು ಹಾರದ ಹೊತ್ತಿನಲ್ಲಿ ಮುಚ್ಚಿ. ಒಳಗೆ ಸಿಲಿಕಾ ಜೆಲ್ಲಿನ ತೆಳು ಪೊಟ್ಟಣ ಒಂದೆರಡು ಇರಲಿ, ಲೆನ್ಸಿನ ದಾರಿಗೂ ರಿಂಗಿನ ಅಂಚಿಗೂ ಬರದ ಹಾಗೆ. ಬಣ್ಣ ಬದಲಿಸುವ ನೀಲಿ ಮಣಿ ಬಳಸುವವರಾದರೆ ಅದು ಗುಲಾಬಿಯಾಯಿತು ಅಂದರೆ ಹೊಟ್ಟೆ ತುಂಬಿತು ಅಂತ. ಬಿಸಿ ಮಾಡಿದರೆ ಮತ್ತೆ ನೀಲಿ. ಆದರೆ ಆ ನೀಲಿ ಕೋಬಾಲ್ಟ್ ಕ್ಲೋರೈಡಿನದು, ವಿಷ. ಅಡುಗೆಯ ಬಾಣಲೆಗೆ ಹಾಕಬೇಡಿ, ಬಿಸ್ಕತ್ತಿನ ಹಳೇ ತಗಡಿನ ಡಬ್ಬಿಯೊಂದನ್ನು ಅದಕ್ಕೇ ಅಂತ ಇಟ್ಟುಬಿಡಿ.

ಹಳ್ಳಕ್ಕೆ ಹೋದ ಮೇಲೆ ಹೌಸಿಂಗನ್ನು ಬಿಸಿಲಿನ ಬಂಡೆಯ ಮೇಲೆ ಇಟ್ಟು ಕಾಫಿ ಕುಡಿಯಲು ಕೂರಬೇಡಿ. ನೆರಳಿನಲ್ಲಿಡಿ. ಒಂದೊಂದು ಸುತ್ತಿನ ನಡುವೆ ಕ್ಯಾಮೆರಾ ಆಫ್ ಮಾಡಿ. 4ಕೆ ವಿಡಿಯೋ ಬಿಟ್ಟೂಬಿಡದೆ ತೆಗೆದರೆ ಮುಚ್ಚಿದ ಪೆಟ್ಟಿಗೆಯೊಳಗೆ ಬೇಗ ಬಿಸಿಯೇರುತ್ತದೆ.

ಮುಚ್ಚುವ ಮೊದಲು: ಬ್ಯಾಟರಿ ಪೂರ್ತಿ, ಕಾರ್ಡ್ ಖಾಲಿ, ಕ್ಯಾಮೆರಾದ ಕೈದಾರ ಕಳಚಿರಬೇಕು. ಕೈದಾರದ ತುದಿ ಅಂಚಿಗೆ ಸಿಕ್ಕಿಕೊಳ್ಳುವುದು ಸೋರಿಕೆಯ ಹಳೇ ಕಾರಣ. ದಡದಲ್ಲಿ ತೆರೆಯುವ ಪ್ರಸಂಗವೇ ಬರಬಾರದು.

ಎಲ್ಲಿ, ಯಾವಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರೆತುಬಿಡಿ. ಹೇಮಾವತಿ, ಯಗಚಿ, ಭದ್ರಾ ಯಾವುದಾದರೂ ಅಷ್ಟೇ, ಕೆಂಪು ನೀರು. ಗೊರೂರು ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುವ ಶೆಟ್ಟಿಹಳ್ಳಿ ಚರ್ಚನ್ನು ನೀರೊಳಗಿನಿಂದ ತೆಗೆಯುವ ಆಸೆಯನ್ನು ನನಗೆ ಇಬ್ಬರು ಮೂವರು ಹೇಳಿಕೊಂಡಿದ್ದಾರೆ. ಕಲ್ಪನೆ ಚೆನ್ನಾಗಿದೆ, ಆದರೆ ಆ ನೀರಿನಲ್ಲಿ ಚಾಚಿದ ಕೈ ಕಂಡರೆ ಹೆಚ್ಚು. ಅಪಾಯದ ಮಾತು ಬೇರೆ.

ನವೆಂಬರ್ ಬಂದರೆ ಹಳ್ಳಗಳು ತಿಳಿಯಾಗುತ್ತವೆ. ಆಗಲೂ ಒಂದು ಎಚ್ಚರ ಬೇಕು. ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುವ ಕಾಲ. ಪಲ್ಪರ್ ನೀರು ಸೇರುವ ಜಾಗದಿಂದ ಕೆಳಗೆ ಹಳ್ಳ ಕಪ್ಪಾಗಿ ನಾರುತ್ತದೆ, ಮೀನೂ ಇರುವುದಿಲ್ಲ. ತೋಟಗಳಿಗಿಂತ ಮೇಲಿನ ತೊರೆ ಹುಡುಕಿ. ಕಾಡಿನ ಜಾಗವಾದರೆ ಅರಣ್ಯ ಇಲಾಖೆಯ ಅನುಮತಿ, ತೋಟವಾದರೆ ಯಜಮಾನರನ್ನು ಕೇಳುವ ಮರ್ಯಾದೆ. ಶೃಂಗೇರಿಯ ತುಂಗೆಯಲ್ಲೂ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಾವೇರಿಯಲ್ಲೂ ಕೈಯಷ್ಟು ದೂರಕ್ಕೆ ಬರುವ ದೊಡ್ಡ ದೊಡ್ಡ ದೇವರ ಮೀನುಗಳಿವೆ. ಎಷ್ಟು ಆಸೆಯಾದರೂ ಅಲ್ಲಿ ಕ್ಯಾಮೆರಾ ಮುಳುಗಿಸಬೇಡಿ, ಮೆಟ್ಟಿಲ ಮೇಲೆ ನಿಂತು ಪುರಿ ಹಾಕಿ ಕಣ್ತುಂಬ ನೋಡಿ ಬನ್ನಿ.

ಹೊತ್ತು ಅಂದರೆ ಹನ್ನೊಂದರಿಂದ ಒಂದೂವರೆ. ಬೆಳಿಗ್ಗೆ, ಸಂಜೆಯ ಓರೆ ಬಿಸಿಲು ಮೇಲೆ ಚೆಂದ, ಆದರೆ ಅದರ ದೊಡ್ಡ ಪಾಲು ನೀರಿನ ಮೇಲ್ಮೈಯಿಂದಲೇ ಪ್ರತಿಫಲಿಸಿ ಹೋಗುತ್ತದೆ. ಕೆಳಗೆ ಕತ್ತಲೆ.

ಉಂಬಳದ ಬಗ್ಗೆ ಒಂದು ಮಾತು. ಸೊಳ್ಳೆಗೆ, ಉಂಬಳಕ್ಕೆ ಅಂತ ಹಚ್ಚುವ ಮುಲಾಮುಗಳಲ್ಲಿ ಡೀಟ್ ಎಂಬ ರಾಸಾಯನಿಕ ಇದ್ದರೆ ಅದು ಹಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಕಲೆ ಕೂರಿಸುತ್ತದೆ. ಆ ಕೈಯಲ್ಲಿ ಹೌಸಿಂಗ್ ಮುಟ್ಟಿದರೆ ಬೆರಳಚ್ಚು ಶಾಶ್ವತವಾಗಿ ಉಳಿದೀತು. ಹೊಳೆಗೂ ಅದು ಒಳ್ಳೆಯದಲ್ಲ. ಕಾಲಿಗೆ ಉದ್ದ ಸಾಕ್ಸು, ಜೇಬಿನಲ್ಲಿ ಸುಣ್ಣದ ಡಬ್ಬಿ, ಇಷ್ಟೇ ನನ್ನ ವ್ಯವಸ್ಥೆ. ಸ್ಪಿರಿಟ್, ಥಿನ್ನರ್‌ನಲ್ಲೂ ಹೌಸಿಂಗ್ ಒರೆಸಬೇಡಿ, ಕೂದಲೆಳೆಯ ಬಿರುಕು ಬಿಡುತ್ತದೆ.

ನೀರಿಗಿಳಿದ ಮೇಲೆ

ಮೊದಲು ಹೌಸಿಂಗನ್ನು ಮಾತ್ರ ಮುಳುಗಿಸಿ, ಅರ್ಧ ನಿಮಿಷ ಹಿಡಿದು ಸಾಲುಗುಳ್ಳೆ ಬರುತ್ತದೆಯೇ ನೋಡಿ. ಮುಂದಿನ ಗಾಜಿಗೆ ಅಂಟಿದ ಗುಳ್ಳೆಗಳನ್ನು ನೀರೊಳಗೇ ಕೈಯಿಂದ ಸವರಿ ಬಿಡಿಸಿ. ಇದನ್ನು ಮರೆತರೆ ಮನೆಗೆ ಬಂದು ನೋಡುವಾಗ ಪ್ರತಿ ಚಿತ್ರದಲ್ಲೂ ಒಂದೇ ಜಾಗದಲ್ಲಿ ಮಸುಕು ಚುಕ್ಕೆ.

ನೀರಿನ ವಕ್ರೀಭವನದಿಂದ ಎಲ್ಲವೂ ಇರುವ ದೂರದ ಮುಕ್ಕಾಲು ಭಾಗದಲ್ಲೇ ಇದ್ದಂತೆ ಕಾಣುತ್ತದೆ. ಚಪ್ಪಟೆ ಗಾಜಿನ ಹೌಸಿಂಗಿನಲ್ಲಿ 28 ಎಂಎಂ ಲೆನ್ಸಿನ ನೋಟ ಸುಮಾರು 37 ಎಂಎಂ ಲೆನ್ಸಿನದರಷ್ಟು ಕಿರಿದಾಗುತ್ತದೆ. ಆದ್ದರಿಂದ ಜೂಮ್ ಮುಟ್ಟಲೇಬೇಡಿ, ಪೂರ್ತಿ ವೈಡ್‌ನಲ್ಲಿಟ್ಟು ನೀವೇ ಹತ್ತಿರ ಹೋಗಿ. ಎಷ್ಟು ಹತ್ತಿರ? ಒಂದು ಗೇಣು. ಎಷ್ಟು ತಿಳಿಯಾದ ಹಳ್ಳವೇ ಆದರೂ ನೀರು ಗಾಜಲ್ಲ, ನಡುವೆ ನೀರು ಹೆಚ್ಚಾದಷ್ಟೂ ಚಿತ್ರ ಮಾಸುತ್ತದೆ. ಮ್ಯಾಕ್ರೋ, ಅಂದರೆ ಹೂವಿನ ಗುರುತು, ಆನ್ ಇರಲಿ.

ಉಳಿದ ಸೆಟ್ಟಿಂಗು: ಶಟರ್ 1/250ಕ್ಕಿಂತ ನಿಧಾನ ಬೇಡ, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಪುಟ್ಟ ಸೆನ್ಸರಿಗೆ 400, ಒಂದಿಂಚಿನ ಸೆನ್ಸರಿಗೆ 800ರ ತನಕ. ಬಿಸಿಲಿದ್ದರೆ ಅಲೆಗಳು ತಳದ ಮೇಲೆ ಬೆಳಕಿನ ಬಲೆ ಬೀಸುತ್ತವೆ, ಆ ಗೆರೆಗಳು ಬಿಳಿಚದಿರಲು ಎಕ್ಸ್‌ಪೋಷರ್ ಒಂದೆರಡು ಮೆಟ್ಟಿಲು ಇಳಿಸಿ. ಫೋಕಸ್ಸಿಗೆ ಸಹಾಯ ಮಾಡುವ ಕೆಂಪು ದೀಪ ಆಫ್, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ಇದ್ದರೆ ಆನ್.

ಬಣ್ಣದ ವಿಷಯ. ಸಮುದ್ರದಲ್ಲಿ ಇಳಿದಂತೆ ಮೊದಲು ಮಾಯವಾಗುವುದು ಕೆಂಪು, ಕೆಲವೇ ಮೀಟರಿನಲ್ಲಿ ಹೆಚ್ಚುಪಾಲು ಹೋಗುತ್ತದೆ. ಅದಕ್ಕೆಂದೇ ಕ್ಯಾಮೆರಾದಲ್ಲಿ ಮೀನಿನ ಗುರುತಿನ ಮೋಡ್ ಇರುವುದು, ಅದು ಕೆಂಪನ್ನು ಸೇರಿಸುತ್ತದೆ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಡೈವ್ ಮಾಡುವವರಿಗೆ ಅದು ಸರಿ. ನಮ್ಮ ಹಳ್ಳದ ಒಂದಡಿ ನೀರಿನಲ್ಲಿ ಕೆಂಪು ಎಲ್ಲಿಗೂ ಹೋಗಿರುವುದಿಲ್ಲ, ಕೊಳೆತ ಎಲೆಯ ಕಷಾಯದಿಂದ ಹಳದಿಯೇ ಜಾಸ್ತಿ. ಅಲ್ಲಿ ಮೀನಿನ ಮೋಡ್ ಹಾಕಿದರೆ ಏಡಿಗಳಿಗೆಲ್ಲ ಜ್ವರ ಬಂದಂತೆ ಕಾಣುತ್ತವೆ. ನಾನು ಬಿಳಿ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವೊಂದನ್ನು ಇಟ್ಟುಕೊಂಡಿದ್ದೇನೆ. ಅದನ್ನು ನೀರೊಳಗೆ ಹಿಡಿದು ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡಿಕೊಂಡರೆ, ಅಂದರೆ ಇದೇ ಬಿಳಿ ಅಂತ ಕ್ಯಾಮೆರಾಗೆ ತೋರಿಸಿಕೊಟ್ಟರೆ, ಕಲ್ಲು ಕಲ್ಲಿನ ಬಣ್ಣಕ್ಕೆ ಬರುತ್ತದೆ.

ಫ್ಲಾಶ್ ಬೇಡ. ಮಂಜು ಕವಿದ ರಾತ್ರಿ ಚಾರ್ಮಾಡಿ ಘಾಟಿಯಲ್ಲಿ ಹೈ ಬೀಮ್ ಹಾಕಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು, ರಸ್ತೆ ಬಿಟ್ಟು ಮಂಜೇ ಕಾಣುತ್ತದೆ. ಕಾಂಪ್ಯಾಕ್ಟಿನ ಫ್ಲಾಶ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ನೀರಿನ ಕಣಗಳಿಗೆ ನೇರವಾಗಿ ಹೊಡೆದು ಚಿತ್ರದ ತುಂಬ ಹಿಮ ಸುರಿದಂತೆ ಮಾಡುತ್ತದೆ. ಬೆಳಕು ಬೇಕೇ ಬೇಕಾದರೆ ನೀರಿಗೆ ತಡೆಯುವ ಪುಟ್ಟ ಎಲ್‌ಇಡಿ ಟಾರ್ಚನ್ನು ಪಕ್ಕದಿಂದ, ತೋಳಷ್ಟು ದೂರದಿಂದ ಓರೆಯಾಗಿ ಹಿಡಿಯಿರಿ.

ಇನ್ನು ನನಗೆ ಎರಡು ಸೀಸನ್ ಹಿಡಿದ ಪಾಠ. ಮೀನು ಹರಿವಿಗೆ ಎದುರಾಗಿ ಮುಖ ಮಾಡಿ ನಿಲ್ಲುತ್ತದೆ. ನೀವು ಕೆಳಗಿನಿಂದ ಹೋದರೆ ಸಿಗುವುದೆಲ್ಲ ಬಾಲ. ಮುಖ ಬೇಕಾದರೆ ಕ್ಯಾಮೆರಾ ಮೇಲ್ಗಡೆಯಿಂದ ಕೆಳಕ್ಕೆ ನೋಡಬೇಕು, ಆದರೆ ಮೇಲ್ಗಡೆ ನೀವು ಕಾಲಿಟ್ಟರೆ ಎದ್ದ ರಾಡಿಯೆಲ್ಲ ಲೆನ್ಸಿನ ಮುಂದೆಯೇ ಹರಿದು ಬರುತ್ತದೆ. ಅದಕ್ಕೆ ನೀರಿಗೇ ಇಳಿಯದೆ ದಡದ ಬಂಡೆಯ ಮೇಲೆ ಮಕಾಡೆ ಮಲಗಿ, ಕೈ ಮಾತ್ರ ಇಳಿಬಿಟ್ಟು, ಹೌಸಿಂಗನ್ನು ಹರಿವಿನ ದಿಕ್ಕಿಗೆ ತಿರುಗಿಸಿ ಹಿಡಿಯುತ್ತೇನೆ. ಮೇಲಿನಿಂದ ಸ್ಕ್ರೀನ್ ಕಾಣುವುದಿಲ್ಲ, ಆಕಾಶದ ಹೊಳಪೇ ಕಾಣುತ್ತದೆ. ಅಂದಾಜಿನ ಮೇಲೆ ಐವತ್ತು ತೆಗೆದರೆ ಎರಡು ಉಳಿಯುತ್ತವೆ. ಬೇಜಾರಿಲ್ಲ.

ಇದಕ್ಕಿಂತ ಒಳ್ಳೆಯದು ಕ್ಯಾಮೆರಾವನ್ನು ಬಿಟ್ಟುಬರುವುದು. ಈರುಳ್ಳಿ ಬರುವ ಬಲೆಚೀಲಕ್ಕೆ ನಾಲ್ಕು ಬೆಣಚುಕಲ್ಲು ತುಂಬಿ ಹೌಸಿಂಗಿನ ಕೆಳಗೆ ಕಟ್ಟಿದರೆ ತೇಲದೆ ತಳದಲ್ಲಿ ಕೂರುತ್ತದೆ. ಹೌಸಿಂಗಿನ ಕೈದಾರಕ್ಕೆ ಹುರಿ ಕಟ್ಟಿ ಇನ್ನೊಂದು ತುದಿ ದಡದ ಬೇರಿಗೆ. ತಾನಾಗಿಯೇ ಹೊತ್ತು ಹೊತ್ತಿಗೆ ಚಿತ್ರ ತೆಗೆಯುವ ಇಂಟರ್ವಲ್ ಇದ್ದರೆ ಹತ್ತು ಸೆಕೆಂಡಿಗೊಂದು, ಇಲ್ಲದಿದ್ದರೆ ಐದು ನಿಮಿಷದ ವಿಡಿಯೋ. ದೂರ ಹೋಗಿ ಕೂತುಕೊಳ್ಳಿ. ರಾಡಿ ಇಳಿಯುತ್ತದೆ, ಮೊದಲು ಗೊದ್ದಮೊಟ್ಟೆಗಳು, ಆಮೇಲೆ ಪುಟ್ಟ ಮೀನುಗಳು ವಾಪಸ್ಸು ಬರುತ್ತವೆ. ಒಂದು ಸಲ ಕಲ್ಲಿನ ಸಂದಿಯಿಂದ ಏಡಿಯೊಂದು ಬಂದು, ಲೆನ್ಸಿನಲ್ಲಿ ತನ್ನದೇ ನೆರಳನ್ನು ಕಂಡಿತೋ ಏನೋ, ಕೊಂಡಿಯೆತ್ತಿ ಗಾಜಿಗೆ ಎರಡೇಟು ಕೊಟ್ಟು ಹೋಗಿತ್ತು. ವಿಡಿಯೋದಲ್ಲಿ ಟಕ್ ಟಕ್ ಸದ್ದೂ ಇದೆ.

ಬೇರೊಂದು ಬಗೆಯ ಚಿತ್ರ ಬೇಕೆಂದರೆ ತಳದಲ್ಲಿಟ್ಟು ಲೆನ್ಸನ್ನು ಆಕಾಶಕ್ಕೆ ತಿರುಗಿಸಿ. ನೀರೊಳಗಿನಿಂದ ನೋಡಿದರೆ ಮೇಲಿನ ಜಗತ್ತೆಲ್ಲ ಸುಮಾರು 97 ಡಿಗ್ರಿಯ ಒಂದು ಬೆಳಕಿನ ವೃತ್ತದೊಳಗೆ ಮಡಚಿಕೊಂಡಿರುತ್ತದೆ, ಅದರಾಚೆ ಮೇಲ್ಮೈ ಕನ್ನಡಿ. ಕಾಂಪ್ಯಾಕ್ಟಿಗೆ ಇಡೀ ವೃತ್ತ ಹಿಡಿಯುವಷ್ಟು ಅಗಲವಿಲ್ಲ, ಆದರೆ ಅಂಚನ್ನು ಹಿಡಿದರೂ ಸಾಕು: ಒಂದು ಕಡೆ ಮರದ ಕೊಂಬೆ ಬಗ್ಗಿ ನಿಂತಿರುತ್ತದೆ, ಇನ್ನೊಂದು ಕಡೆ ಹಳ್ಳದ ತಳವೇ ತಲೆಕೆಳಗಾಗಿ ತೂಗುತ್ತಿರುತ್ತದೆ. ಅರ್ಧ ನೀರು, ಅರ್ಧ ಗಾಳಿಯ ಚಿತ್ರಕ್ಕೆ ದೊಡ್ಡ ಗುಮ್ಮಟದ ಗಾಜು ಬೇಕು. ನಮ್ಮ ಪುಟ್ಟ ಗಾಜಿನಲ್ಲಿ ನೀರಿನ ಅಂಚೇ ಬೆರಳುದಪ್ಪದ ಪಟ್ಟಿಯಾಗಿ ಅಡ್ಡ ಬರುತ್ತದೆ.

ಕಲ್ಲು ಮಗುಚಿದರೆ ಇದ್ದ ಹಾಗೇ ವಾಪಸ್ಸು ಇಡಿ, ಅಡಿಯಲ್ಲಿ ಕಪ್ಪೆಯದೋ ಹುಳುವಿನದೋ ಮೊಟ್ಟೆ ಇರುತ್ತದೆ. ನೀರಿನ ಬಣ್ಣ ಇದ್ದಕ್ಕಿದ್ದಂತೆ ಬದಲಾದರೆ, ಎಲೆ ಕಡ್ಡಿ ಜಾಸ್ತಿ ತೇಲಿ ಬಂದರೆ, ಮೇಲೆ ಗುಡ್ಡದಲ್ಲಿ ಮಳೆಯಾಗಿದೆ. ಫೋಟೋ ಅಲ್ಲಿಗೇ ಬಿಟ್ಟು ದಡ ಹತ್ತಿ.

ಒಳಗೆ ಹನಿ ಕಂಡರೆ

ಮೊದಲು ಮೇಲಕ್ಕೆತ್ತಿ. ನೀರು ಕ್ಯಾಮೆರಾದಿಂದ ದೂರ, ಒಂದು ಮೂಲೆಯಲ್ಲಿ ನಿಲ್ಲುವ ಹಾಗೆ ಹೌಸಿಂಗನ್ನು ಅಲುಗಿಸದೆ ಹಿಡಿದು ದಡಕ್ಕೆ ಬನ್ನಿ. ಕೈ ಒರೆಸಿ ತೆರೆದು ಕ್ಯಾಮೆರಾ ಆಫ್ ಮಾಡಿ, ಬ್ಯಾಟರಿ ಕೀಳಿ. ಕೆಲಸ ಮಾಡುತ್ತದೋ ಅಂತ ಆನ್ ಮಾಡಿ ನೋಡುವುದೇ ಕ್ಯಾಮೆರಾ ಕೊಲ್ಲುವ ಕೆಲಸ, ನಾನು ಮಾಡಿದ್ದೂ ಅದನ್ನೇ. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಪ್ರಯೋಜನ ಕಡಿಮೆ, ಹಿಟ್ಟಿನ ಧೂಳು ಲೆನ್ಸಿಗೆ ಸೇರೀತು. ಗಾಳಿಯಾಡದ ಡಬ್ಬಿಯಲ್ಲಿ ಒಂದು ಹಿಡಿ ಸಿಲಿಕಾ ಜೆಲ್ ಜೊತೆ ಎರಡು ಮೂರು ದಿನ ಇಟ್ಟು, ಆಮೇಲೆ ರಿಪೇರಿಯವರಲ್ಲಿಗೆ. ಹಳ್ಳದ ನೀರಾದರೆ ಬದುಕುವ ಅವಕಾಶ ಇದೆ, ಉಪ್ಪುನೀರಾದರೆ ತೀರಾ ಕಡಿಮೆ.

ಮನೆಗೆ ಬಂದ ಮೇಲೆ

ಮುಚ್ಚಿದ ಹೌಸಿಂಗನ್ನೇ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒಳಗೇ ಬಟನ್ನುಗಳನ್ನು ಒತ್ತಿ ಒತ್ತಿ ಸಂದಿಯ ಮರಳು ಬಿಡಿಸಿ. ನೆರಳಿನಲ್ಲಿ ಒಣಗಿಸಿ. ತೆರೆಯುವಾಗ ತಲೆಕೂದಲು ಒದ್ದೆಯಿದ್ದರೆ ಮೊದಲು ಅದನ್ನು ಒರೆಸಿಕೊಳ್ಳಿ, ಬಗ್ಗಿದಾಗ ಹನಿ ಬೀಳುವುದು ಅಲ್ಲಿಂದಲೇ. ಕ್ಯಾಮೆರಾ ಹೊರಗೆ ತೆಗೆದು ಬೇರೆ ಇಡಿ, ನಮ್ಮ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ. ಹೌಸಿಂಗಿನ ಕ್ಲಿಪ್ಪು ಹಾಕದೆ ಸಡಿಲವಾಗಿ ಇಡಬೇಕು. ಬಿಗಿದಿಟ್ಟರೆ ಓ-ರಿಂಗು ಆರು ತಿಂಗಳಲ್ಲಿ ಚಪ್ಪಟೆ.

ಆ ರಿಂಗನ್ನು ನಾನು ವರ್ಷಕ್ಕೊಂದು ಬದಲಿಸುತ್ತೇನೆ. ಕಾಂಪ್ಯಾಕ್ಟ್ ಮಾಡೆಲ್‌ಗಳು ನಿಂತುಹೋದಂತೆ ಅವುಗಳ ರಿಂಗೂ ಅಂಗಡಿಯಿಂದ ಕಾಣೆಯಾಗುತ್ತದೆ, ಅಂದಾಜಿನ ಮೇಲೆ ಬೇರೆ ಅಳತೆಯದು ಹಾಕಿದರೆ ಕೂರುವುದಿಲ್ಲ. ಹೌಸಿಂಗ್ ಕೊಳ್ಳುವ ದಿನವೇ ಎರಡು ಹೆಚ್ಚಿಗೆ ತರಿಸಿ, ಪೊಟ್ಟಣ ಒಡೆಯದೆ, ಬೆಕ್ಕು ಹತ್ತದ ಕಪಾಟಿನಲ್ಲಿ ಇಡಿ.